ಟೈರು ಸಿಡಿಯಿತು ಎಂದರೆ ಸಾಕೆ?

ಢಂ ಎಂದು ಒಂದು ಸದ್ದು. ಮರುಕ್ಷಣ ಕಾರು ರಸ್ತೆ ವಿಭಜಕಕ್ಕೆ ಬಡಿದು ಪಲ್ಟಿ. ಮಾರನೇ ದಿನದ ಪತ್ರಿಕೆಯಲ್ಲಿ ನಾಲ್ಕೇ ಸಾಲು: “ಟೈರ್ ಸಿಡಿದು ಕಾರು ಪಲ್ಟಿ, ಇಬ್ಬರ ಸಾವು.” ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸುದ್ದಿ ಓದಿದವರು “ಪಾಪ, ಅವರ ಗ್ರಹಚಾರ ಕಣ್ರೀ” ಅಂತ ಲೋಟ ಕೆಳಗಿಟ್ಟು ಬಸ್ಸು ಹತ್ತುತ್ತಾರೆ. ಅಲ್ಲಿಗೆ ಆ ಕೇಸು ಖುಲಾಸ್.

ನಿಜವಾಗಿಯೂ ಗ್ರಹಚಾರವೇ? ಟೈರು ಎಂಬುದು ರಬ್ಬರು, ನೂಲು, ಉಕ್ಕಿನ ತಂತಿ ಸೇರಿಸಿ ಮನುಷ್ಯ ಮಾಡಿದ ವಸ್ತು. ಅದಕ್ಕೆ ಗಾಳಿ ತುಂಬುವವನು ಮನುಷ್ಯ. ಭಾರ ಹೇರುವವನು ಮನುಷ್ಯ. ಸವೆದ ಮೇಲೂ “ಇನ್ನೊಂದೈದು ಸಾವಿರ ಓಡುತ್ತೆ ಬಿಡಿ” ಎನ್ನುವವನೂ ಮನುಷ್ಯನೇ. ಸಿಡಿದಾಗ ಮಾತ್ರ ಹೊಣೆ ದೇವರದ್ದು!

ಈ ಲೆಕ್ಕ ನಡೆಯುವುದಿಲ್ಲ ಎಂದು ಮುಂಬಯಿ ಹೈಕೋರ್ಟು 2023ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಅಂಗಡಿಯವರೂ ಗಾಡಿ ಮಾಲೀಕರೂ ಈ ತೀರ್ಪನ್ನು ಒಮ್ಮೆ ತಿಳಿದುಕೊಂಡರೆ ನಷ್ಟವಿಲ್ಲ.

ದೇವರ ಆಟವಲ್ಲ, ಮನುಷ್ಯರ ಉದಾಸೀನ

ಪ್ರಕರಣ ನಡೆದದ್ದು 2010ರ ಅಕ್ಟೋಬರ್ 25ರಂದು. ಪುಣೆಯಿಂದ ಮುಂಬಯಿಗೆ ಹೊರಟಿದ್ದ ಕಾರಿನ ಹಿಂದಿನ ಚಕ್ರದ ಟೈರು ಸಿಡಿದು, ಕಾರು ಹಳ್ಳಕ್ಕೆ ಉರುಳಿತು. ಸಹೋದ್ಯೋಗಿಯ ಕಾರಿನಲ್ಲಿ ಕುಳಿತು ಬರುತ್ತಿದ್ದ 38 ವರ್ಷದ ಒಬ್ಬರು ಸತ್ತರು. ಮನೆಗೆ ಅವರೊಬ್ಬರೇ ದುಡಿಯುವವರು. ಮೋಟಾರು ಅಪಘಾತ ನ್ಯಾಯಮಂಡಳಿ 2016ರಲ್ಲಿ ಆ ಕುಟುಂಬಕ್ಕೆ 1.25 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ವಿಮಾ ಕಂಪನಿ ಹೈಕೋರ್ಟಿಗೆ ಹೋಯಿತು. ಅದರ ವಾದಗಳಲ್ಲಿ ಮುಖ್ಯವಾದದ್ದು ಇದು: ಟೈರು ಸಿಡಿಯುವುದು ದೈವಿಕ ಘಟನೆ, ಚಾಲಕನ ತಪ್ಪಲ್ಲ.

ಹೈಕೋರ್ಟು ಒಪ್ಪಲಿಲ್ಲ. ಯಾವ ಮನುಷ್ಯನೂ ಹೊಣೆಯಲ್ಲದ, ಮೊದಲೇ ಊಹಿಸಲಾಗದ ಪ್ರಕೃತಿಯ ವಿಕೋಪವನ್ನು ಮಾತ್ರ ದೈವಿಕ ಘಟನೆ ಎನ್ನಬೇಕು. ಟೈರು ಸಿಡಿಯುವುದಕ್ಕೆ ಅತಿ ವೇಗ, ಕಡಿಮೆ ಗಾಳಿ, ಹೆಚ್ಚು ಗಾಳಿ, ಸೆಕೆಂಡ್ ಹ್ಯಾಂಡ್ ಟೈರು, ಬಿಸಿ ಹೀಗೆ ಹಲವು ಕಾರಣಗಳಿರುತ್ತವೆ. ಹೊರಡುವ ಮುಂಚೆ ಟೈರಿನ ಸ್ಥಿತಿ ನೋಡುವುದು ಚಾಲಕ ಅಥವಾ ಮಾಲೀಕನ ಕೆಲಸ ಎಂದಿತು. ಅಪೀಲು ವಜಾ ಆಯಿತು.

ಅಪಘಾತವಾದದ್ದು 2010ರಲ್ಲಿ, ಅಪೀಲು ತೀರಿದ್ದು 2023ರಲ್ಲಿ. ನಡುವೆ ಹನ್ನೆರಡು ವರ್ಷಕ್ಕೂ ಹೆಚ್ಚು. “ಗ್ರಹಚಾರ” ಎಂಬ ಒಂದು ಮಾತಿನ ಬೆಲೆ ಆ ಮನೆಯವರಿಗೆ ಎಷ್ಟಾಯಿತು ಎಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು.

ಇದಕ್ಕೆ ವಿರುದ್ಧವಾದ ಇನ್ನೊಂದು ಸಂಗತಿಯೂ ಇದೆ. 2023ರ ಜುಲೈ 1ರ ನಡುರಾತ್ರಿ ದಾಟಿದ ಮೇಲೆ, ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಸಮೃದ್ಧಿ ಹೆದ್ದಾರಿಯಲ್ಲಿ ನಾಗಪುರದಿಂದ ಪುಣೆಗೆ ಹೊರಟಿದ್ದ ಖಾಸಗಿ ಬಸ್ಸು ಉರುಳಿ ಬೆಂಕಿ ಹತ್ತಿಕೊಂಡು 25 ಜನ ಸುಟ್ಟು ಸತ್ತರು. ಟೈರು ಸಿಡಿಯಿತು ಎಂದು ಬದುಕುಳಿದ ಚಾಲಕ ಹೇಳಿದ. ಸಾರಿಗೆ ಅಧಿಕಾರಿಗಳು ಸ್ಥಳ ನೋಡಿ, ಟೈರು ಸಿಡಿದ ಕುರುಹೇ ಇಲ್ಲ ಎಂದು ವರದಿ ಕೊಟ್ಟರು. ಅಂದರೆ ಟೈರು ಸಿಡಿದಾಗ ದೇವರ ಮೇಲೆ ಹಾಕುವುದು, ಸಿಡಿಯದಿದ್ದಾಗ ಟೈರಿನ ಮೇಲೆ ಹಾಕುವುದು! ಎರಡರಲ್ಲೂ ಮನುಷ್ಯ ಮಾತ್ರ ಪಾರು.

ದಶಪಥ ಬಂತು, ಟೈರು ಹಳೇದೇ ಉಳಿಯಿತು

ಇದೆಲ್ಲ ಮಹಾರಾಷ್ಟ್ರದ ಕತೆ, ನಮ್ಮೂರಿಗೇನು ಎಂದು ಕೇಳುವವರಿಗೆ ಉತ್ತರ ಊರ ಪಕ್ಕದಲ್ಲೇ ಹಾದುಹೋಗಿದೆ. ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಮೊದಲ ಕೆಲವು ತಿಂಗಳಲ್ಲೇ ಸಾವುಗಳು ಏರಿ ಗಲಾಟೆಯಾದ ಮೇಲೆ, ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಡಲಾಯಿತು. ವೇಗ ಅಳೆಯುವ ಕ್ಯಾಮೆರಾಗಳು ಬಂದವು. 130 ಕಿ.ಮೀ. ಮೀರಿ ಓಡಿಸಿದರೆ ಎಫ್‌ಐಆರ್ ಎಂದು 2024ರ ಆಗಸ್ಟ್‌ನಿಂದ ರಾಜ್ಯದ ಪೊಲೀಸರು ಎಚ್ಚರಿಸಿದರು. ಒಳ್ಳೆಯದೇ. ಕ್ಯಾಮೆರಾ ವೇಗವನ್ನು ಹಿಡಿಯುತ್ತದೆ. ಆದರೆ ಟೈರಿನ ಪಕ್ಕೆಯಲ್ಲಿ ಎದ್ದಿರುವ ಗಂಟನ್ನು ಯಾವ ಕ್ಯಾಮೆರಾ ಹಿಡಿಯುತ್ತದೆ?

ಹಳೇ ರಸ್ತೆಯಲ್ಲಿ ಊರೂರಿಗೂ ಗಾಡಿ ನಿಧಾನವಾಗುತ್ತಿತ್ತು. ರಾಮನಗರದಲ್ಲಿ ಸಿಗ್ನಲ್ಲು, ಚನ್ನಪಟ್ಟಣದಲ್ಲಿ ಎತ್ತಿನಗಾಡಿ, ಮದ್ದೂರಿನಲ್ಲಿ ವಡೆ. ಪ್ರಯಾಣಿಕರು ಬೈದುಕೊಂಡರೂ ಟೈರಿಗೆ ಆರಿಕೊಳ್ಳಲು ಪುರಸತ್ತು ಸಿಗುತ್ತಿತ್ತು. ಈಗ ಊರುಗಳೆಲ್ಲ ಬೈಪಾಸಿನ ಕೆಳಗೆ. ಒಂದೇ ಏಟಿಗೆ ನೂರು ಕಿ.ಮೀ. ವೇಗದಲ್ಲಿ ಗಾಡಿ ಓಡುತ್ತದೆ. ಊರೊಳಗೆ ನಲವತ್ತರಲ್ಲಿ ಓಡುತ್ತಾ ವರ್ಷಗಟ್ಟಲೆ ಹೇಗೋ ಮರ್ಯಾದೆ ಕಾಪಾಡಿಕೊಂಡಿದ್ದ ಮುದಿ ಟೈರಿನ ಬಂಡವಾಳ ಬಯಲಾಗುವುದು ಇಲ್ಲಿ.

ಲೆಕ್ಕ ಸರಳ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರು. “ಏನಾಯ್ತು?” ಎಂದು ತಿರುಗಿ ನೋಡುವಷ್ಟರಲ್ಲಿ ಗಾಡಿ ಎರಡು ಬಸ್ಸಿನುದ್ದ ದಾಟಿರುತ್ತದೆ. 60ರಲ್ಲಿ ಇರುವ ಹೊಡೆತದ ಬಲಕ್ಕೆ 100ರಲ್ಲಿ ಇರುವುದು ಸುಮಾರು ಎರಡೂಮುಕ್ಕಾಲು ಪಟ್ಟು. ಇಷ್ಟನ್ನೂ ತಡೆದು ಹಿಡಿಯುವುದು, ನೆಲಕ್ಕೆ ತಾಗಿಕೊಂಡಿರುವ ನಾಲ್ಕು ಅಂಗೈಯಗಲದ ರಬ್ಬರು!

ಸಿಡಿಯುವುದು ಏಕೆ?

“ಬೇಸಿಗೆ ಬಂತು, ಟೈರಿಗೆ ಗಾಳಿ ಸ್ವಲ್ಪ ಕಮ್ಮಿ ಇರಲಿ” ಎಂಬುದು ಬಹಳ ಜನರ ನಂಬಿಕೆ. ಈ ನಂಬಿಕೆಯೇ ಅಪಾಯ. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿಗೂ ಚಪ್ಪಟೆಯಾಗಿ ಮತ್ತೆ ಎದ್ದು, ಅದರ ಪಕ್ಕೆ ಮಡಿಚಿ ಮಡಿಚಿ ಬಿಸಿಯೇರುತ್ತದೆ. ಒಂದು ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಇದ್ದರೆ ಬೆರಳು ಸುಡುವ ಹಾಗಾಗಿ ಕೊನೆಗೆ ಪಟ್ಟನೆ ಮುರಿಯುವುದಿಲ್ಲವೇ, ಅದೇ ರೀತಿ. ಒಳಗಿನ ಪದರಗಳು ಬಿಡುತ್ತವೆ, ಕೊನೆಗೆ ಸಿಡಿಯುತ್ತದೆ. ಇದರ ಜೊತೆಗೆ ಅತಿ ಭಾರ ಮತ್ತು ಅತಿ ವೇಗ ಕೂಡಿದರಂತೂ ಕೇಳುವುದೇ ಬೇಡ. ಐದು ಜನರ ಕಾರಿನಲ್ಲಿ ಎಂಟು ಜನ, ಮೇಲೆ ಮದುವೆ ಮನೆಯ ಪಾತ್ರೆ. ಸಣ್ಣ ಗೂಡ್ಸ್ ಗಾಡಿಯಲ್ಲಿ ಅದು ಹೊರಬೇಕಾದ್ದಕ್ಕೆ ದುಪ್ಪಟ್ಟು ಬೆಲ್ಲದ ಮೂಟೆ. ಬಾಡಿಗೆ ಒಂದು ಟ್ರಿಪ್ಪು ಉಳಿಯಿತು ಎಂದು ಖುಷಿಪಟ್ಟ ಅಂಗಡಿ ಯಜಮಾನರಿಗೆ ಟೈರು ಬಿಲ್ಲು ಬೇರೆ ಲೆಕ್ಕದಲ್ಲಿ ಕಳಿಸುತ್ತದೆ.

ಗಾಳಿ ಎಷ್ಟಿರಬೇಕು ಎಂಬುದನ್ನು ಗಾಡಿ ಕಂಪನಿಯೇ ಬರೆದಿರುತ್ತದೆ. ಬಹುತೇಕ ಕಾರುಗಳಲ್ಲಿ ಚಾಲಕನ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಚೀಟಿ ಇರುತ್ತದೆ. ತುಂಬಾ ಜನ ಕೂತಾಗ ಎಷ್ಟು ಎಂಬುದೂ ಅಲ್ಲೇ ಇರುತ್ತದೆ. ನೋಡುವುದು ಬೆಳಿಗ್ಗೆ ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಟೈರಿನಲ್ಲಿ ಕೆಲವು ಪಾಯಿಂಟ್ ಏರಿರುವುದು ಸಹಜ. ಅದನ್ನು ಕಂಡು ಗಾಬರಿಯಾಗಿ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕೊರತೆ ಬೀಳುತ್ತದೆ. ನೈಟ್ರೋಜನ್ ಹಾಕಿಸಿದರೆ ಸಿಡಿಯುವುದೇ ಇಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಅದು ಸ್ವಲ್ಪ ನಿಧಾನವಾಗಿ ಸೋರುತ್ತದೆ, ಅಷ್ಟೇ. ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಯಾವುದನ್ನೇ ಹಾಕಿಸಲಿ, ಅಳತೆ ನೋಡಿಸುವುದು ತಪ್ಪಿಸಬಾರದು.

ಇನ್ನು ಸವೆತ. ನಾಲ್ಕು ಚಕ್ರದ ಗಾಡಿಯ ಟೈರಿನ ಬಟನ್ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಅದು ರಸ್ತೆಗೆ ಯೋಗ್ಯವಲ್ಲ ಎಂಬುದು ಕಾನೂನು. ಅಳೆಯಲು ಅಳತೆಗೋಲು ಬೇಕಿಲ್ಲ. ಬಟನ್ ನಡುವಿನ ಗೆರೆಯೊಳಗೆ ಅಡ್ಡಕ್ಕೆ ಸಣ್ಣ ದಿಣ್ಣೆಗಳಿರುತ್ತವೆ. ಬಟನ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿಯಿತೆಂದೇ ಅರ್ಥ.

ಬಟನ್ ಇದೆ ಎಂದ ಮಾತ್ರಕ್ಕೆ ಟೈರು ಗಟ್ಟಿಯಲ್ಲ. ರಬ್ಬರಿಗೂ ವಯಸ್ಸಾಗುತ್ತದೆ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಹತ್ತು ದಾಟಿದ್ದನ್ನು ನೋಡಲು ಹೊಸದಂತಿದ್ದರೂ ಬಿಸಾಡಬೇಕು ಎಂಬುದು ಟೈರು ತಯಾರಕರದೇ ಸಲಹೆ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ಇದೇ ನಿಯಮ. ಸೆಕೆಂಡ್ ಹ್ಯಾಂಡ್ ಟೈರು ಕೊಳ್ಳುವವರು ಬೆಲೆ ಚೌಕಾಸಿ ಮಾಡುವ ಮೊದಲು ಈ ನಾಲ್ಕು ಅಂಕಿ ಓದಲಿ.

ಸಿಡಿದೇ ಬಿಟ್ಟರೆ?

ಎಷ್ಟೇ ಜೋಪಾನ ಮಾಡಿದರೂ ರಸ್ತೆಯಲ್ಲಿ ಬಿದ್ದ ಕಬ್ಬಿಣದ ಚೂರು ಯಾರನ್ನೂ ಕೇಳಿ ಚುಚ್ಚುವುದಿಲ್ಲ. ಆಗ ಬದುಕು ಸಾವು ನಿರ್ಧಾರವಾಗುವುದು ಮೊದಲ ಮೂರು ನಾಲ್ಕು ಸೆಕೆಂಡಿನಲ್ಲಿ. ಆ ಹೊತ್ತಿಗೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಅದೇ ಮಾಡಬಾರದ ಕೆಲಸ.

ಸಿಡಿದ ಟೈರು ಇರುವ ಮಗ್ಗುಲಿಗೆ ಗಾಡಿಯನ್ನು ಯಾರೋ ಹಗ್ಗ ಕಟ್ಟಿ ಜಗ್ಗಿದಂತೆ ಆಗುತ್ತದೆ. ಮೂರು ಚಕ್ರಕ್ಕೆ ಹಿಡಿತವಿದೆ, ಒಂದಕ್ಕಿಲ್ಲ. ಆಗ ಬ್ರೇಕನ್ನು ಒತ್ತಿ ಹಿಡಿದರೆ ಭಾರವೆಲ್ಲ ಮುಂದಕ್ಕೆ ವಾಲಿ, ಹಿಡಿತವಿರುವ ಚಕ್ರ ನಿಲ್ಲಲು ನೋಡುತ್ತದೆ, ಇಲ್ಲದ್ದು ಜಾರುತ್ತದೆ. ಗಾಡಿ ಬುಗುರಿಯಂತೆ ತಿರುಗುವುದು ಆಗಲೇ. ಟೈರು ಸಿಡಿದಾಗಲೂ ಪಲ್ಟಿ ಹೊಡೆಸುವುದು ಬಹಳ ಸಲ ಗಾಬರಿಯ ಬ್ರೇಕು ಮತ್ತು ಗಾಬರಿಯ ಸ್ಟೀರಿಂಗು.

ಮಾಡಬೇಕಾದ್ದು ಹೀಗೆ. ಎರಡೂ ಕೈಯಲ್ಲಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಗಾಡಿ ಇದ್ದ ಸಾಲಿನಲ್ಲೇ ನೇರವಾಗಿ ಹೋಗುವಂತೆ ನೋಡಿಕೊಳ್ಳಬೇಕು. ಎಳೆದ ಕಡೆಗೆ ವಿರುದ್ಧವಾಗಿ ಸ್ವಲ್ಪ ಸ್ವಲ್ಪವೇ ತಿದ್ದಬೇಕು, ಝಾಡಿಸಿ ತಿರುಗಿಸಬಾರದು. ಆಕ್ಸಿಲರೇಟರಿನಿಂದ ಕಾಲನ್ನು ತಟಕ್ಕನೆ ಎತ್ತಬಾರದು. ಗಾಡಿ ನೆಟ್ಟಗಾದ ಮೇಲೆ ಮೆಲ್ಲಗೆ ಬಿಡುತ್ತಾ ಬರಬೇಕು. ಹರಿದ ಟೈರಿನ ಎಳೆತವೇ ಒಂದು ಬ್ರೇಕು. ಗಾಡಿ ತಾನಾಗಿ ವೇಗ ಕಳೆದುಕೊಳ್ಳುತ್ತದೆ. ವೇಗ ಚೆನ್ನಾಗಿ ತಗ್ಗಿದ ಮೇಲೆ ಕನ್ನಡಿ ನೋಡಿ, ಎಡ ಇಂಡಿಕೇಟರ್ ಹಾಕಿ, ನಿಧಾನವಾಗಿ ರಸ್ತೆ ಅಂಚಿಗೆ ತರಬೇಕು. ಬ್ರೇಕಿನ ಸರದಿ ಕಟ್ಟಕಡೆಗೆ, ಅದೂ ಹೂವಿನಂತೆ.

ಗಾಬರಿಯಲ್ಲಿ ಕೀ ತಿರುಗಿಸಿ ಎಂಜಿನ್ ಬಂದ್ ಮಾಡುವವರೂ ಇದ್ದಾರೆ. ಹಾಗೆ ಮಾಡಿದರೆ ಪವರ್ ಸ್ಟೀರಿಂಗು ಕಲ್ಲಿನಂತಾಗುತ್ತದೆ, ಬ್ರೇಕಿನ ಸಹಾಯ ತಪ್ಪುತ್ತದೆ. ಗಾಡಿ ನಿಲ್ಲುವ ತನಕ ಕೀ ಮುಟ್ಟಬಾರದು.

ಮುಂದಿನ ಟೈರು ಸಿಡಿದರೆ ಸ್ಟೀರಿಂಗಿನಲ್ಲಿ ಗೊತ್ತಾಗುತ್ತದೆ. ಹಿಂದಿನದು ಸಿಡಿದರೆ ಕೂತ ಸೀಟಿನಲ್ಲಿ ಗೊತ್ತಾಗುತ್ತದೆ, ಗಾಡಿ ಬಾಲ ಆಡಿಸುತ್ತದೆ. ಎರಡಕ್ಕೂ ಮದ್ದು ಒಂದೇ. ಕಾರಿಗೆ ಎರಡೇ ಹೊಸ ಟೈರು ತಂದರೆ ಮುಂದಕ್ಕೆ ಹಾಕಿಸುವುದು ವಾಡಿಕೆ. ಹಿಂದಕ್ಕೆ ಹಾಕಿಸಿ ಎನ್ನುತ್ತಾರೆ ಟೈರು ತಯಾರಕರು. ಹಿಂಭಾಗ ಜಾರಿದರೆ ಸಾಮಾನ್ಯ ಚಾಲಕನ ಕೈಗೆ ಗಾಡಿ ಸಿಗುವುದು ಕಷ್ಟ ಎಂಬುದು ಕಾರಣ. ಬೈಕಿನವರು ಹ್ಯಾಂಡಲ್ ಗಟ್ಟಿ ಹಿಡಿದು, ಆಕ್ಸಿಲರೇಟರ್ ಇಳಿಸಿ, ಅನಿವಾರ್ಯವಾದರೆ ಸರಿಯಿರುವ ಚಕ್ರದ ಬ್ರೇಕನ್ನು ಮಾತ್ರ ಮೆಲ್ಲಗೆ ಒತ್ತಬೇಕು.

ಇದನ್ನು ಓದಿಕೊಂಡರೆ ಸಾಕೆ? ಸಾಲದು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯ ಎರಡು ಬೆರಳಲ್ಲಿ ಸ್ಟೀರಿಂಗು ಹಿಡಿದು ಹೋಗುವ ಶೂರನಿಗೆ ಇದರಲ್ಲಿ ಒಂದೂ ಮಾಡಲಾಗದು. ಬೆಲ್ಟು ಹಾಕದವನು ಮೊದಲ ಕುಲುಕಿಗೇ ಸೀಟಿನಿಂದ ಜಾರಿರುತ್ತಾನೆ; ಸ್ಟೀರಿಂಗು ಹಿಡಿಯುವುದೆಲ್ಲಿ ಬಂತು?

ನಿಂತ ಮೇಲೂ ಮುಗಿಯಲಿಲ್ಲ

ಗಾಡಿ ನಿಂತಿತು, ದೇವರು ದೊಡ್ಡವನು ಎಂದು ಉಸಿರುಬಿಟ್ಟು ಅಲ್ಲೇ ರಸ್ತೆಯಲ್ಲಿ ಜಾಕಿ ಹಾಕಿ ಕೂರುವವರ ಮೇಲೆ ಹಿಂದಿನಿಂದ ಲಾರಿ ನುಗ್ಗಿದ ಸುದ್ದಿಗಳೂ ಪತ್ರಿಕೆಗಳಿಗೆ ಹೊಸದಲ್ಲ. ಮೊದಲು ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಬೇಕು. ಎಲ್ಲರೂ ಎಡಗಡೆಯಿಂದಲೇ ಇಳಿಯಬೇಕು. ಮಕ್ಕಳು, ಮುದುಕರೆಲ್ಲ ಕಬ್ಬಿಣದ ತಡೆಬೇಲಿಯ ಆಚೆ ನಿಲ್ಲಬೇಕು. ಗಾಡಿಯ ಹಿಂದೆ ನಿಲ್ಲಲೇಬಾರದು. ಕೆಂಪು ತ್ರಿಕೋನವನ್ನು ಬಹಳ ಹಿಂದೆ ಇಡಬೇಕು. ನೂರರ ವೇಗದಲ್ಲಿ ಬರುವವನಿಗೆ 50 ಮೀಟರು ಎಂದರೆ ಎರಡು ಸೆಕೆಂಡೂ ಇಲ್ಲ. ರಾತ್ರಿ ಹೊತ್ತು ತಾವೇ ಟೈರು ಬದಲಿಸುವ ಸಾಹಸಕ್ಕಿಂತ ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೆ ಫೋನ್ ಮಾಡುವುದು ಜಾಣತನ. ಪೆಟ್ಟಾಗಿದ್ದರೆ 108, ಪೊಲೀಸರಿಗೆ 112.

ಇತ್ತೀಚಿನ ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಟ್ಯೂಬ್‌ಲೆಸ್ ಟೈರು, ಗಾಳಿ ತಿಳಿಸುವ ಯಂತ್ರ, ರಿಪೇರಿ ಕಿಟ್ಟು ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ನಿಯಮ ಸಡಿಲಿಸಲಾಯಿತು. ಆ ಕಿಟ್ಟು ಮೊಳೆ ಚುಚ್ಚಿದ ತೂತಿಗೆ ಸರಿ. ಸಿಡಿದು ಚಿಂದಿಯಾದ ಟೈರಿಗೆ ಅಲ್ಲ. ಅಂಥ ಕಾರಿನವರು ಹೊರಡುವ ಮುಂಚೆ ಇದನ್ನು ತಿಳಿದಿರಬೇಕು.

ಬಸ್ಸಿನ ಮಂದಿ ಏನು ಮಾಡಬೇಕು?

ಬಸ್ಸಿಗೆ ಹಿಂದೆ ಜೋಡಿ ಚಕ್ರ. ಅದರಲ್ಲಿ ಒಂದು ಹೋದರೆ ಇನ್ನೊಂದು ಹೊರುತ್ತದೆ. ಮುಂದಿನದು ಒಂಟಿ, ಅದು ಹೋದರೆ ಆಪತ್ತು. ಹಳೆಯ ಟೈರಿಗೆ ರಬ್ಬರ್ ಹಾಕಿಸಿ ಓಡಿಸುವುದು ತಪ್ಪಲ್ಲ. ಸರಿಯಾಗಿ ರೀಟ್ರೇಡ್ ಮಾಡಿದ ಟೈರು ಹಿಂದಿನ ಜೋಡಿಯಲ್ಲಿ ಚೆನ್ನಾಗಿಯೇ ಬಾಳುತ್ತದೆ. ಪ್ರಶ್ನೆ ಏನೆಂದರೆ, ಅದು ಮುಂದಿನ ಚಕ್ರಕ್ಕೆ ಬರಬಾರದು.

ದಿನಾ ಬೆಳಿಗ್ಗೆ ಬೆಂಗಳೂರಿಗೋ ಮೈಸೂರಿಗೋ ಹೋಗಿಬರುವ ಪ್ರಯಾಣಿಕ ಬಸ್ಸು ಹತ್ತುವಾಗ ಬಾಗಿಲ ಪಕ್ಕದ ಟೈರಿನ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಪೂರ್ತಿ ಬೋಳಾಗಿದೆಯೇ, ತಂತಿ ಕಾಣುತ್ತಿದೆಯೇ, ಪಕ್ಕೆ ಉಬ್ಬಿದೆಯೇ? ಉಬ್ಬಿದ್ದರೆ ಕಂಡಕ್ಟರಿಗೆ ಹೇಳಬೇಕು. “ನೀವೇನ್ ಮೆಕ್ಯಾನಿಕ್ಕಾ ಸಾರ್?” ಎಂದು ಗೊಣಗಿಯಾನು, ಗೊಣಗಲಿ. ಓಡುವಾಗ ಸುಟ್ಟ ರಬ್ಬರಿನ ವಾಸನೆ ಬಂದರೆ, ಚಕ್ರದ ಕಡೆಯಿಂದ ದಬದಬ ಎಂದು ಒಂದೇ ಸಮನೆ ಬಡಿತ ಕೇಳಿದರೆ, ಆಗಲೂ ಬಾಯಿ ಮುಚ್ಚಿ ಕೂರಬಾರದು.

ಸಿಡಿದೇ ಬಿಟ್ಟರೆ ಎದ್ದು ಬಾಗಿಲಿಗೆ ಓಡಬಾರದು, “ಬ್ರೇಕ್ ಹಾಕೋ” ಎಂದು ಕೂಗಿ ಚಾಲಕನ ಕೈಕಾಲು ಆಡದಂತೆ ಮಾಡಬಾರದು. ಮುಂದಿನ ಸೀಟಿನ ಕಂಬಿ ಹಿಡಿದು ಕೂತರೆ ಅದೇ ದೊಡ್ಡ ಉಪಕಾರ.

ಹೊಣೆ ಯಾರದ್ದು?

ಮೊದಲ ಹೊಣೆ ಮಾಲೀಕನದು, ಅದರಲ್ಲಿ ಎರಡು ಮಾತಿಲ್ಲ. ಅವರಿಗೆ ಒಂದು ಕಿವಿಮಾತು: ಗಾಡಿಗೆ ಬೇರೆ ಏನೂ ಆಗದೆ ಬರೀ ಟೈರು ಹಾಳಾದರೆ ಮಾಮೂಲಿ ವಿಮೆಯಲ್ಲಿ ಬಿಡಿಗಾಸೂ ಸಿಗದು. ಗಾಡಿಯೂ ಜಖಂ ಆಗಿದ್ದರೆ ಟೈರಿನ ಬಾಬ್ತು ಅರ್ಧ. ಟೈರಿನಲ್ಲಿ ಉಳಿಸಿದ ದುಡ್ಡು ಉಳಿತಾಯವಲ್ಲ, ಕೈಸಾಲ.

ಆದರೆ ಎಲ್ಲವನ್ನೂ ಅವರ ತಲೆಗೇ ಕಟ್ಟಿ ಇಲಾಖೆಗಳು ಕೈತೊಳೆದುಕೊಳ್ಳುವ ಹಾಗಿಲ್ಲ. ಪೆಟ್ರೋಲ್ ಬಂಕುಗಳಲ್ಲಿ ಪುಕ್ಕಟೆ ಗಾಳಿ ಗಿರಾಕಿಯ ಹಕ್ಕು. ಎಷ್ಟು ಬಂಕುಗಳಲ್ಲಿ ಯಂತ್ರದ ಮುಂದೆ “ಕೆಟ್ಟಿದೆ” ಎಂಬ ರಟ್ಟು ನೇತಾಡುತ್ತದೆ ಎಂಬುದು ಸ್ಕೂಟರಿನವರನ್ನು ಕೇಳಿದರೆ ಸಾಕು. ಎಫ್‌ಸಿ ದಿನ ಗಾಡಿಗೆ ಹೊಸ ಟೈರು, ಮಾರನೇ ದಿನ ಮತ್ತದೇ ಬೋಳು ಟೈರು ಎಂಬ ಮಾತು ಸ್ಟ್ಯಾಂಡುಗಳಲ್ಲಿ ಇಂದು ನಿನ್ನೆಯದಲ್ಲ. ಅದು ಸುಳ್ಳಾದರೆ ಇಲಾಖೆ ರಸ್ತೆಗಿಳಿದು ತೋರಿಸಲಿ. ಸಮೃದ್ಧಿ ಹೆದ್ದಾರಿಯಲ್ಲಿ ಸಾವುಗಳು ಹೆಚ್ಚಿದ ಮೇಲೆ ಮಹಾರಾಷ್ಟ್ರದ ಸಾರಿಗೆ ಅಧಿಕಾರಿಗಳು ಪ್ರವೇಶದ ಬಳಿಯೇ ಟೈರು ನೋಡಿ, ಸವೆದಿದ್ದ ಗಾಡಿಗಳನ್ನು ವಾಪಸ್ಸು ಕಳಿಸುವ ಕೆಲಸಕ್ಕೆ ಇಳಿದರು. ದಶಪಥದ ಟೋಲ್ ಗೇಟಿನಲ್ಲಿ ದುಡ್ಡು ಕೀಳಲು ಕಣ್ಣಿದೆ. ಚಕ್ರದತ್ತ ಬಗ್ಗಿ ನೋಡಲು ಒಬ್ಬ ಇನ್ಸ್‌ಪೆಕ್ಟರಿಗೆ ಒಂದು ಟಾರ್ಚು ಕೊಟ್ಟು ನಿಲ್ಲಿಸುವುದು ಅಷ್ಟು ಕಷ್ಟವೇ? ಬೇಸಿಗೆಯ ಎರಡು ತಿಂಗಳಾದರೂ ಆಗಲಿ.

ಲೈಸೆನ್ಸ್ ಕೊಡುವಾಗ ಎಂಟು ಹಾಕು, ರಿವರ್ಸ್ ತೆಗಿ ಎನ್ನುತ್ತಾರೆ. ಟೈರು ಸಿಡಿದರೆ ಏನು ಮಾಡ್ತೀಯಾ ಎಂದು ಕೇಳುವವರು ಎಷ್ಟು ಜನ? ಬ್ರೇಕಿಗೆ ಹೋಗುವ ಕಾಲನ್ನು ತಡೆಯುವುದು ಅಭ್ಯಾಸದಿಂದ ಬರುವ ವಿದ್ಯೆ. ಡ್ರೈವಿಂಗ್ ಶಾಲೆಗಳಲ್ಲಿ ಅರ್ಧ ಗಂಟೆಯ ಪಾಠವಾದರೂ ಇರಲಿ.

ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸ ಒಂದಿದೆ. ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ, ಗಾಡಿ ಸುತ್ತ ಒಂದು ಸುತ್ತು ಬರುವುದು. ನಾಲ್ಕು ಟೈರು, ಒಂದು ಸ್ಟೆಪ್ನಿ, ಐದು ನಿಮಿಷ. ಗ್ರಹಚಾರ ನೋಡಲು ಜ್ಯೋತಿಷಿಯ ಬಳಿ ಹೋಗುವವರು ಅದಕ್ಕಿಂತ ಹೆಚ್ಚು ಹೊತ್ತು ಕಾಯುತ್ತಾರೆ.